‘ಎಲ್ಲವನ್ನೂ ಸರಿಪಡಿಸು’ ಒತ್ತುವ ಮುಂಚೆ: ಕೆಎನ್‌ಎಕ್ಸ್ ಪ್ರಾಜೆಕ್ಟಿಗೆ ಬರುವ ದುರಸ್ತಿ ಸಲಹೆಗಳನ್ನು ಬಳಸುವ ಕ್ರಮ

ರಾತ್ರಿ ಒಂಬತ್ತೂವರೆಗೆ ಫೋನ್. ಕೊಡಗಿನ ನಾಪೋಕ್ಲು ಕಡೆಯ ಹೋಂಸ್ಟೇ ಒಂದನ್ನು ನೋಡಿಕೊಳ್ಳುವ ಹುಡುಗ. “ಅಣ್ಣಾ, ಎರಡನೇ ಕಾಟೇಜಿನ ಲೈಟ್ ಸರಿ ಮಾಡಕ್ಕೆ ಹೋದೆ, ಈಗ ಗೇಟೇ ತೆಗೀತಿಲ್ಲ. ಗೆಸ್ಟ್ ಹೊರಗಡೆ ಮಳೇಲಿ ಕಾರಲ್ಲೇ ಕೂತಿದ್ದಾರೆ.” ಏನು ಮಾಡಿದೆ ಎಂದು ಕೇಳಿದೆ. ಸಾಫ್ಟ್‌ವೇರ್ 43 ತಪ್ಪು ತೋರಿಸಿತಂತೆ, ಕೆಳಗೆ ‘ಎಲ್ಲವನ್ನೂ ಸರಿಪಡಿಸು’ ಎಂಬ ಬಟನ್ ಇತ್ತಂತೆ. ಒತ್ತಿದ್ದಾನೆ, ಡೌನ್‌ಲೋಡ್ ಕೂಡ ಮಾಡಿದ್ದಾನೆ, ಎಂದರೆ ತಿದ್ದಿದ್ದನ್ನು ಸಾಧನಗಳಿಗೆ ಕಳಿಸಿದ್ದಾನೆ.

ಈ ಮಳೆಗಾಲದಲ್ಲಿ ಇಂಥ ಕರೆ ಇದು ಮೂರನೆಯದು. ಮೂವರೂ ಕೆಲಸ ಬಲ್ಲವರೇ. ಎಡವಿದ್ದು ಮಾತ್ರ ಒಂದೇ ಕಡೆ: ಫೈಲಿನಲ್ಲಿ ಕಂಡದ್ದನ್ನು ಕಟ್ಟಡದಲ್ಲಿರುವುದು ಎಂದು ನಂಬಿದರು. ಸಲಹೆ ಕೊಡುವ ಸಾಫ್ಟ್‌ವೇರಿಗೆ ಕಾಣುವುದು ಪ್ರಾಜೆಕ್ಟ್ ಫೈಲ್ ಒಂದೇ. ಇಲಿ ಕಡಿದ ತಂತಿ, ಸಿಡಿಲಿಗೆ ಹೋದ ರಿಲೇ, ಆಫೀಸ್ ರೂಮಿನಲ್ಲಿ ಪ್ರಾಜೆಕ್ಟಿಗೆ ಸೇರದೆ ಕೂತಿರುವ ಸರ್ವರ್, ಮಾಲೀಕರು ಬೇಕೆಂದೇ ಮಾಡಿಸಿಕೊಂಡ ವಿಚಿತ್ರ ಏರ್ಪಾಡು, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ.

ಕೆಳಗಿನದು ಕೆಎನ್‌ಎಕ್ಸ್ (ಸ್ವಿಚ್, ದೀಪ, ಗೇಟುಗಳು ‘ಬಸ್’ ಎಂಬ ಒಂದೇ ತಂತಿಯ ಮೇಲೆ ಮಾತಾಡಿಕೊಳ್ಳುವ ವ್ಯವಸ್ಥೆ) ಹಾಕಿರುವ ಹೋಂಸ್ಟೇ, ರೆಸಾರ್ಟ್, ಎಸ್ಟೇಟ್ ಬಂಗಲೆಗಳಿಗೆ. ಸಲಹೆ ಇಟಿಎಸ್ (ಕೆಎನ್‌ಎಕ್ಸ್ ಹೊಂದಿಸುವ ಸಾಫ್ಟ್‌ವೇರ್) ಒಳಗಿನ ಪ್ರಾಜೆಕ್ಟ್ ಚೆಕ್‌ನಿಂದ ಬರಲಿ, ಅದಕ್ಕೆ ಸೇರಿಸಿಕೊಂಡ ಆ್ಯಪ್‌ನಿಂದ ಬರಲಿ, ಎಐ ಸಹಾಯಕನಿಂದ ಬರಲಿ, ಕ್ರಮ ಒಂದೇ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಎರಡನೇ ಹಂತ ಬಿಟ್ಟು ನಾಲ್ಕಕ್ಕೆ ಹಾರಿದವರೇ ನನಗೆ ಫೋನ್ ಮಾಡುವವರು.

## ಚೀಲದಲ್ಲಿ ಇರಬೇಕಾದದ್ದು

ಲೈಸೆನ್ಸ್ ಇರುವ ಇಟಿಎಸ್ ಹಾಕಿದ ಲ್ಯಾಪ್‌ಟಾಪ್ (ಡೆಮೊ ಆವೃತ್ತಿ 5 ಸಾಧನಕ್ಕೇ ನಿಲ್ಲುತ್ತದೆ, ಅದು ಕಲಿಯಲು ಸಾಕು, ಕೆಲಸಕ್ಕಲ್ಲ), ಯುಎಸ್‌ಬಿ ಅಥವಾ ಐಪಿ ಇಂಟರ್‌ಫೇಸ್, ಮಲ್ಟಿಮೀಟರ್, ನಾಲ್ಕಾರು ಕೆಂಪು-ಕಪ್ಪು ಬಸ್ ಟರ್ಮಿನಲ್, ಟಾರ್ಚ್, ರೂಮುಗಳ ಪಟ್ಟಿ ಬರೆದ ಕಾಗದ. ಜೊತೆಗೆ ಸ್ವಿಚ್ ಒತ್ತಿ “ಆಯ್ತು” ಎನ್ನಲು ಇನ್ನೊಬ್ಬರು. ಕಾಟೇಜುಗಳು ಇಳಿಜಾರಿನಲ್ಲಿ ಚದುರಿರುವ ಜಾಗದಲ್ಲಿ ಈ ಇನ್ನೊಬ್ಬರಿಲ್ಲದಿದ್ದರೆ ದಿನವೆಲ್ಲ ಮೆಟ್ಟಿಲು ಹತ್ತಿಳಿಯುವುದೇ ಆಗುತ್ತದೆ. ಮೊಬೈಲ್ ಸಿಗ್ನಲ್ ನಂಬಬೇಡಿ, ವಾಕಿ-ಟಾಕಿ ಇದ್ದರೆ ಒಳ್ಳೆಯದು.

ಬಸ್‌ನ ಪವರ್ ಸಪ್ಲೈ ಯುಪಿಎಸ್ ಅಥವಾ ಇನ್ವರ್ಟರ್ ಮೇಲೆ ಇದೆಯೇ ನೋಡಿ. ಇಲ್ಲದಿದ್ದರೆ ಕೆಲಸ ಮುಗಿಯುವವರೆಗೆ ತಾತ್ಕಾಲಿಕವಾಗಿ ಹಾಕಿಸಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಬಸ್‌ಗೆ ಇಲ್ಲ. ಡೌನ್‌ಲೋಡ್ ಅರ್ಧದಲ್ಲಿರುವಾಗ ಕರೆಂಟ್ ಹೋದರೆ ಆ ಸಾಧನ ಹಳೆಯದನ್ನೂ ಮರೆತು ಹೊಸದನ್ನೂ ಕಲಿಯದೆ ಸುಮ್ಮನೆ ಕೂರುತ್ತದೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟಿನ ಮಳೆಯಲ್ಲಿ) ನಮ್ಮಲ್ಲಿ ಕರೆಂಟ್ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

## ಹಂತ 1: ಕೈಯಲ್ಲಿರುವುದು ಸರಿಯಾದ ಫೈಲೇ?

ಮಾಲೀಕರು ಕೊಡುವ ಪೆನ್‌ಡ್ರೈವಿನಲ್ಲಿ ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಹೊಸದು 2’ ಇರುತ್ತವೆ. ತಾರೀಖು ನೋಡಿ ಇತ್ತೀಚಿನದನ್ನು ಎತ್ತಿಕೊಂಡರೆ ಸಾಲದು. ಹಿಂದೆ ಬಂದವರು ತಮ್ಮ ಲ್ಯಾಪ್‌ಟಾಪಿನಲ್ಲಿ ತಿದ್ದಿ, ಡೌನ್‌ಲೋಡ್ ಮಾಡಿ, ಫೈಲ್ ಕೊಡದೆ ಹೋಗಿರಬಹುದು.

ಪರೀಕ್ಷೆ ಸುಲಭ. ಇಟಿಎಸ್‌ನಲ್ಲಿ ಗ್ರೂಪ್ ಮಾನಿಟರ್ (ಬಸ್‌ನಲ್ಲಿ ಹರಿಯುವ ಸಂದೇಶಗಳನ್ನು ತೋರಿಸುವ ಪರದೆ) ತೆರೆದು ಬೇರೆ ಬೇರೆ ಕಟ್ಟಡದ ಆರೇಳು ಸ್ವಿಚ್ ಒತ್ತಿಸಿ. ಬರುವ ಟೆಲಿಗ್ರಾಂನಲ್ಲಿ, ಎಂದರೆ ಸಂದೇಶದಲ್ಲಿ, ಕಳಿಸಿದ ಸಾಧನದ ವಿಳಾಸ ಮತ್ತು ಗ್ರೂಪ್ ಅಡ್ರೆಸ್ (ಸಂದೇಶ ಯಾವ ಕೆಲಸಕ್ಕೆ ಎಂದು ಹೇಳುವ ಸಂಖ್ಯೆ) ಎರಡೂ ಇರುತ್ತವೆ. ಎರಡೂ ಫೈಲಿಗೆ ಹೊಂದಬೇಕು. ಒಂದು ಸ್ವಿಚ್ ಬೇರೆ ಗ್ರೂಪ್ ಅಡ್ರೆಸ್‌ಗೆ ಕಳಿಸುತ್ತಿದ್ದರೂ ನಿಮ್ಮ ಫೈಲ್ ಹಳೆಯದು. ಆ ಫೈಲಿಗೆ ಬರುವ ಸಲಹೆಗಳೆಲ್ಲ ಹಳೆಯ ಮನೆಯ ದುರಸ್ತಿಗೆ.

ಫೈಲ್ ಸರಿ ಎಂದಾದರೆ ನಕಲು ಮಾಡಿ, ಹೆಸರಿಗೆ ದಿನಾಂಕ ಸೇರಿಸಿ, ಮೂಲವನ್ನು ಬೇರೆ ಡ್ರೈವಿನಲ್ಲಿಡಿ. ಮುಂದಿನದೆಲ್ಲ ನಕಲಿನ ಮೇಲೆ. ಪ್ರಾಜೆಕ್ಟಿನಲ್ಲಿ ಸೆಕ್ಯೂರ್ ಸಾಧನಗಳಿದ್ದರೆ ಪ್ರಾಜೆಕ್ಟ್ ಪಾಸ್‌ವರ್ಡ್ ಮತ್ತು ಸಾಧನಗಳ ಕೀ ಚೀಟಿಗಳು ಮಾಲೀಕರ ಬಳಿ ಇವೆಯೇ ಎಂದು ಈಗಲೇ ಕೇಳಿ. ರಾತ್ರಿ ಎಂಟಕ್ಕೆ ಕೇಳಿದರೆ ಬೀರುವಿನ ಬೀಗದ ಕೈ ಮೈಸೂರಿನಲ್ಲಿರುತ್ತದೆ.

ಫೈಲೇ ಇಲ್ಲವೇ? ಹಾಗಾದರೆ ಇದು ನಿಮಗೆ ಇಂದಿನ ಕೆಲಸವಲ್ಲ. ಸಾಧನಗಳಿಂದ ಓದಿ ಪ್ರಾಜೆಕ್ಟ್ ಮರಳಿ ಕಟ್ಟುವ ಪರಿಕರಗಳಿವೆ. ಆದರೆ ರೂಮಿನ ಹೆಸರು, ಗ್ರೂಪ್ ಅಡ್ರೆಸ್‌ನ ಹೆಸರು ಸಾಧನದೊಳಗೆ ಇರುವುದೇ ಇಲ್ಲ. ಅದನ್ನೆಲ್ಲ ಓಡಾಡಿಯೇ ತುಂಬಬೇಕು.

## ಹಂತ 2: ಫೈಲಿಗೆ ಮುಂಚೆ ತಂತಿ

ದೂರಿನ ಅರ್ಧ ಭಾಗ ಇಲ್ಲೇ ಮುಗಿಯುತ್ತದೆ ಎಂಬುದು ನನ್ನ ಅನುಭವ. ಲೈನಿನ (ಬಸ್‌ನ ಒಂದು ಕವಲಿನ) ಕಟ್ಟಕಡೆಯ ಸಾಧನದ ಬಳಿ ಕೆಂಪು-ಕಪ್ಪು ನಡುವೆ ವೋಲ್ಟೇಜ್ ಅಳೆಯಿರಿ. ಪವರ್ ಸಪ್ಲೈ ಹತ್ತಿರ 29–30 ವೋಲ್ಟ್ ಡಿಸಿ ಇರಬೇಕು, ಕೊನೆಯಲ್ಲಿ 21ಕ್ಕಿಂತ ಕೆಳಗೆ ಇಳಿಯಬಾರದು. ಇಳಿದಿದ್ದರೆ ಟರ್ಮಿನಲ್ ತೆಗೆದು ನೋಡಿ. ನಮ್ಮ ತೇವಕ್ಕೆ ತಾಮ್ರ ಹಸಿರು ಹಿಡಿದಿರುತ್ತದೆ. ಅಟ್ಟದ ಮೇಲೆ ಹೋದ ಕೇಬಲ್ ಆದರೆ ಇಲಿ, ಅಳಿಲಿನ ಹಲ್ಲು ಹುಡುಕಿ.

ಆಮೇಲೆ ದೂರ. ಒಂದು ಲೈನ್ ಸೆಗ್ಮೆಂಟಿನ ಒಟ್ಟು ಕೇಬಲ್ 1000 ಮೀಟರ್ ಮೀರಬಾರದು, ಪವರ್ ಸಪ್ಲೈಯಿಂದ ಸಾಧನಕ್ಕೆ 350 ಮೀಟರ್, ಎರಡು ಸಾಧನಗಳ ನಡುವೆ 700 ಮೀಟರ್. ಪೇಟೆಯ ಮನೆಗೆ ಇದು ತಲೆನೋವೇ ಅಲ್ಲ. ತೋಟದಲ್ಲಿ ಬಂಗಲೆಯಿಂದ ಕೆರೆ ದಂಡೆಯ ಕಾಟೇಜಿಗೆ, ಅಲ್ಲಿಂದ ಕಾಫಿಯ ಪಲ್ಪ್ ಹೌಸಿಗೆ ಎಳೆದಾಗ 350 ದಾಟಿದ್ದೇ ಗೊತ್ತಾಗುವುದಿಲ್ಲ. ಫೈಲಿನಲ್ಲಿ ಕೇಬಲ್ ಉದ್ದ ಇರುವುದಿಲ್ಲವಾದ್ದರಿಂದ ಯಾವ ಸಾಫ್ಟ್‌ವೇರೂ ಇದನ್ನು ಹಿಡಿಯದು.

ಅಂದ ಹಾಗೆ, ಎರಡು ಕಟ್ಟಡಗಳ ನಡುವೆ ತಾಮ್ರದ ಬಸ್ ಕೇಬಲ್ ಎಳೆದವರಿಗೆ ಒಂದು ಮಾತು: ಹೂಮಳೆಯ ಜೊತೆ ಬರುವ ಗುಡುಗು ಸಿಡಿಲಿಗೆ ಆ ತಂತಿ ನೇರ ದಾರಿ. ಎರಡೂ ತುದಿಗೆ ಸರ್ಜ್ ಪ್ರೊಟೆಕ್ಷನ್ ಹಾಕಿ. ಸಾಧ್ಯವಾದರೆ ಕಟ್ಟಡದಿಂದ ಕಟ್ಟಡಕ್ಕೆ ಆಪ್ಟಿಕಲ್ ಫೈಬರ್ ಎಳೆದು ಎರಡೂ ಕಡೆ ಕೆಎನ್‌ಎಕ್ಸ್ ಐಪಿ ರೂಟರ್ ಇಡಿ. ಸೋಲಾರ್ ಬೇಲಿಯ ತಂತಿಗೆ ಅಂಟಿಸಿ ಬಸ್ ಕೇಬಲ್ ಒಯ್ಯಲೇಬೇಡಿ.

ಇನ್ನೊಂದು ಪರೀಕ್ಷೆ ಇದೇ ಹಂತದಲ್ಲಿ: ಇಟಿಎಸ್‌ನ ಡಯಾಗ್ನೋಸ್ಟಿಕ್ಸ್‌ನಿಂದ ಲೈನ್ ಸ್ಕ್ಯಾನ್ ಮಾಡಿ. ಫೈಲಿನಲ್ಲಿದ್ದು ಬಸ್‌ನಲ್ಲಿ ಇಲ್ಲದ್ದು, ಬಸ್‌ನಲ್ಲಿದ್ದು ಫೈಲಿನಲ್ಲಿ ಇಲ್ಲದ್ದು, ಎರಡನ್ನೂ ಬರೆದುಕೊಳ್ಳಿ. 15.15.255 ಎಂಬ ವಿಳಾಸ ಕಂಡರೆ ಅದು ಪೆಟ್ಟಿಗೆಯಿಂದ ತೆಗೆದು ಹಾಗೇ ಹಾಕಿದ ಹೊಸ ಸಾಧನ. ಸಿಡಿಲಿಗೆ ಹೋದದ್ದರ ಬದಲಿಗೆ ಯಾರೋ ಸಿಕ್ಕಿಸಿ ಹೋಗಿರುತ್ತಾರೆ. ಎರಡು ಸಾಧನಕ್ಕೆ ಒಂದೇ ವಿಳಾಸ ಬಿದ್ದಿರುವುದೂ ಉಂಟು. ಎರಡರ ಪ್ರೋಗ್ರಾಮಿಂಗ್ ಬಟನ್ ಒಟ್ಟಿಗೆ ಒತ್ತಿದಾಗ ಹೀಗಾಗಬಹುದು. ಫೈಲಿನೊಳಗೆ ವಿಳಾಸಗಳು ಬೇರೆ ಬೇರೆಯೇ ಇರುವುದರಿಂದ ಪ್ರಾಜೆಕ್ಟ್ ಚೆಕ್ ‘ಎಲ್ಲ ಸರಿ’ ಎನ್ನುತ್ತದೆ.

## ಹಂತ 3: ಚೆಕ್ ಓಡಿಸಿ, ಏನನ್ನೂ ಮುಟ್ಟಬೇಡಿ

ಈಗ ಚೆಕ್ ಓಡಿಸಿ. ಪಟ್ಟಿ ಬಂದ ಮೇಲೆ ಅದನ್ನು ಪ್ರಿಂಟ್ ತೆಗೆಯಿರಿ ಅಥವಾ ಎಕ್ಸೆಲ್‌ಗೆ ಹಾಕಿ. ಒಂದೊಂದು ಸಾಲಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ.

‘ಮಾಡು’: ಹೆಸರಿಲ್ಲದ ಗ್ರೂಪ್ ಅಡ್ರೆಸ್‌ಗೆ ಹೆಸರು, ಖಾಲಿ ರೂಮ್, ವಿವರಣೆ ಇಲ್ಲದ ಸಾಧನ. ಕಟ್ಟಡದ ನಡವಳಿಕೆ ಇದರಿಂದ ಬದಲಾಗದು.

‘ನೋಡಿ ಮಾಡು’: ಜೋಡಣೆ, ಫ್ಲಾಗ್, ಡೇಟಾ ಟೈಪ್, ಪ್ಯಾರಾಮೀಟರ್ ಮುಟ್ಟುವ ಎಲ್ಲವೂ.

‘ಬೇಡ’: ಗೇಟು, ಪಂಪು, ಜನರೇಟರ್, ಬೆಂಕಿಯ ಅಲಾರಂ, ಗ್ಯಾಸ್ ವಾಲ್ವ್‌ಗೆ ಸಂಬಂಧಿಸಿದ್ದು. ಇವನ್ನು ಹಗಲಿನಲ್ಲಿ, ಅತಿಥಿಗಳಿಲ್ಲದಾಗ, ಆ ಯಂತ್ರದ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಯೇ ಮಾಡಬೇಕು.

ದೂರು ಏನಿತ್ತೋ ಅದಕ್ಕೆ ಸಂಬಂಧಿಸಿದ ಸಾಲುಗಳಿಗೆ ಸುತ್ತು ಹಾಕಿ. ಎರಡನೇ ಕಾಟೇಜಿನ ಲೈಟ್ ಕೆಟ್ಟಿದ್ದರೆ 43ರಲ್ಲಿ ಅದಕ್ಕೆ ಸಂಬಂಧಿಸಿದ್ದು ಎರಡೋ ಮೂರೋ. ಉಳಿದ 40 ತಪ್ಪುಗಳ ಜೊತೆಯೇ ಆ ಕಟ್ಟಡ ಇಷ್ಟು ವರ್ಷ ಚೆನ್ನಾಗಿ ನಡೆದಿದೆ.

## ಹಂತ 4: ಒಂದೊಂದು ಸಲಹೆಯನ್ನೂ ಅಳೆಯುವುದು

‘ಈ ಗ್ರೂಪ್ ಅಡ್ರೆಸ್ ಬಳಕೆಯಲ್ಲಿಲ್ಲ, ಅಳಿಸಿ.’ ಗೇಟ್ ಕೆಟ್ಟದ್ದು ಇದರಿಂದಲೇ. ಅಡುಗೆಮನೆಯ ಸ್ವಿಚ್ 6/0/4ಕ್ಕೆ ಟೆಲಿಗ್ರಾಂ ಕಳಿಸುತ್ತಿತ್ತು. ಅದನ್ನು ಕೇಳುತ್ತಿದ್ದುದು ಆಫೀಸಿನಲ್ಲಿದ್ದ ಸಣ್ಣ ಸರ್ವರ್, ಗೇಟಿನ ಮೋಟರ್ ಬೋರ್ಡಿಗೆ ಆಜ್ಞೆ ಹೋಗುತ್ತಿದ್ದುದು ಅದರಿಂದ. ಸರ್ವರ್ ಇಟಿಎಸ್ ಪ್ರಾಜೆಕ್ಟಿನಲ್ಲಿ ಇರಲಿಲ್ಲ. ಸಾಫ್ಟ್‌ವೇರ್ ನೋಡಿದ್ದು: ಕಳಿಸುವವರಿದ್ದಾರೆ, ಕೇಳುವವರಿಲ್ಲ. ಅಳಿಸಿತು. ಹೋಮ್ ಅಸಿಸ್ಟೆಂಟ್, ವಿಷುವಲೈಸೇಶನ್ ಸರ್ವರ್, ಮೊಬೈಲ್ ಆ್ಯಪ್, ಲಾಜಿಕ್ ಕಂಟ್ರೋಲರ್ ಬಳಸುವ ಅಡ್ರೆಸ್‌ಗಳೆಲ್ಲ ಫೈಲಿನಲ್ಲಿ ಹೀಗೆ ಅನಾಥವಾಗಿಯೇ ಕಾಣುತ್ತವೆ.

ಅಳಿಸುವ ಮುಂಚೆ ಗ್ರೂಪ್ ಮಾನಿಟರ್ ಅನ್ನು ಒಂದು ರಾತ್ರಿ, ಒಂದು ಹಗಲು ಓಡಲು ಬಿಡಿ. ಆ ಅಡ್ರೆಸ್ ಒಮ್ಮೆಯಾದರೂ ಕಂಡರೆ ಅದಕ್ಕೆ ಜೀವ ಇದೆ. ಕಾಣದಿದ್ದರೂ ಅಳಿಸದೆ ಹೆಸರಿನ ಮುಂದೆ ‘ಸಂದೇಹ’ ಎಂದು ಬರೆದು ಬಿಡಿ. ಕೊಯ್ಲಿನ ಕಾಲದಲ್ಲಿ ಕಣದ ದೀಪಕ್ಕೆ ಮಾತ್ರ ಬಳಸುವ ಅಡ್ರೆಸ್ ಜುಲೈಯಲ್ಲಿ ಹೇಗೆ ಕಾಣುತ್ತದೆ? ಸರ್ವರ್ ಬಳಸುವ ಅಡ್ರೆಸ್‌ಗಳಿಗೆ ಪ್ರಾಜೆಕ್ಟಿನಲ್ಲಿ ಒಂದು ಡಮ್ಮಿ ಸಾಧನ ಹಾಕಿ, ಅದಕ್ಕೆ ಜೋಡಿಸಿ. ಮುಂದಿನ ಸಲ ಸಾಫ್ಟ್‌ವೇರ್ ಗೊಣಗುವುದಿಲ್ಲ, ಕಪ್ಲರಿನ (ಲೈನುಗಳನ್ನು ಜೋಡಿಸುವ ಸಾಧನ) ಫಿಲ್ಟರ್ ಟೇಬಲಿಗೂ, ಎಂದರೆ ಯಾವ ಟೆಲಿಗ್ರಾಂ ದಾಟಬಹುದು ಎಂಬ ಪಟ್ಟಿಗೂ, ಅವು ಸೇರುತ್ತವೆ.

‘ಡೇಟಾ ಟೈಪ್ ಹೊಂದಿಕೆಯಿಲ್ಲ, ಒಂದೇ ಮಾಡಿ.’ ಗಾತ್ರ ಬೇರೆ ಇದ್ದರೆ ಇಟಿಎಸ್ ಜೋಡಿಸಲೇ ಬಿಡುವುದಿಲ್ಲ. ಅಪಾಯ ಇರುವುದು ಗಾತ್ರ ಒಂದೇ ಇದ್ದು ಅರ್ಥ ಬೇರೆ ಇದ್ದಾಗ. 1.009 ಎಂಬ ಟೈಪ್‌ನಲ್ಲಿ 0 ಎಂದರೆ ತೆರೆದಿದೆ, 1 ಎಂದರೆ ಮುಚ್ಚಿದೆ. 1.019ರಲ್ಲಿ ತದ್ವಿರುದ್ಧ: 0 ಮುಚ್ಚಿದೆ, 1 ತೆರೆದಿದೆ. ಕಿಟಕಿಯ ಸೆನ್ಸರನ್ನು ಒಂದರಿಂದ ಇನ್ನೊಂದಕ್ಕೆ ‘ಸರಿಪಡಿಸಿದರೆ’ ಬಸ್‌ನಲ್ಲಿ ಹರಿಯುವ ಬಿಟ್ ಅದೇ ಇರುತ್ತದೆ, ಆ್ಯಪ್‌ನ ಪರದೆಯಲ್ಲಿ ಮಾತ್ರ ಮುಚ್ಚಿದ ಕಿಟಕಿ ತೆರೆದಂತೆ ಕಾಣುತ್ತದೆ. ಹಾಗೆಯೇ 5.001 ಶೇಕಡಾ ಲೆಕ್ಕ, 255 ಎಂದರೆ ನೂರು. 5.010 ಬರೀ ಎಣಿಕೆ, 255 ಎಂದರೆ 255 ಅಷ್ಟೇ. ಫ್ಯಾನಿನ ವೇಗ 3 ಎಂದು ಬರಬೇಕಾದಲ್ಲಿ ಶೇಕಡಾ 1 ಎಂದು ಬಂದರೆ ಕಾರಣ ಇದು. ಕಟ್ಟಡದಲ್ಲಿ ಕಿಟಕಿ ತೆಗೆದು, ಮುಚ್ಚಿ, ಬಂದ ಬಿಟ್ ನೋಡಿ ಆಮೇಲೆ ಟೈಪ್ ಆರಿಸಿ.

‘ಒಂದಕ್ಕಿಂತ ಹೆಚ್ಚು ಕಡೆ ರೀಡ್ ಫ್ಲಾಗ್ ಇದೆ.’ ‘ಸ್ಥಿತಿ ಏನು’ ಎಂದು ಕೇಳಿದಾಗ ಉತ್ತರ ಕೊಡು ಎಂಬ ಗುರುತು ಇದು. ಸಲಹೆ ಸರಿ. ಆದರೆ ಯಾವುದನ್ನು ಉಳಿಸಬೇಕು? ಸಾಫ್ಟ್‌ವೇರ್ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಉಳಿಸಿದರೆ ಅದು ಗೋಡೆಯ ಸ್ವಿಚ್ ಆಗಿರಬಹುದು. ದೀಪದ ನಿಜ ಸ್ಥಿತಿ ಗೊತ್ತಿರುವುದು ರಿಲೇ ಇರುವ ಆಕ್ಚುಯೇಟರಿಗೆ. ಅದರ ಸ್ಟೇಟಸ್ ಆಬ್ಜೆಕ್ಟಿನಲ್ಲಿ (ಸಾಧನದೊಳಗೆ ಸ್ಥಿತಿ ತಿಳಿಸುವ ಬಿಂದು) ಮಾತ್ರ ರೀಡ್ ಫ್ಲಾಗ್ ಇರಲಿ, ಉಳಿದೆಲ್ಲ ಕಡೆ ತೆಗೆಯಿರಿ. ತಪ್ಪಾಗಿ ಸ್ವಿಚ್ಚಿನಲ್ಲಿ ಉಳಿದರೆ, ಕರೆಂಟ್ ಹೋಗಿ ಬಂದ ಮೇಲೆ ‘ದೀಪ ಉರಿಯುತ್ತಿದೆ’ ಎಂದು ಆ್ಯಪ್ ಹೇಳುತ್ತದೆ, ರೂಮು ಕತ್ತಲೆ.

‘ಜೋಡಣೆಗಳನ್ನು ಅಚ್ಚುಕಟ್ಟಾಗಿ ಮರುಜೋಡಿಸಲೇ?’ ಇದು ನಿರುಪದ್ರವಿಯಂತೆ ಕಾಣುತ್ತದೆ. ನನಗೆ ಇದ್ದುದರಲ್ಲೇ ಹೆಚ್ಚು ಭಯ ಇದರದೇ. ಒಂದು ಆಬ್ಜೆಕ್ಟಿಗೆ ಹಲವು ಗ್ರೂಪ್ ಅಡ್ರೆಸ್ ಜೋಡಿಸಬಹುದು. ಅದು ಎಲ್ಲದಕ್ಕೂ ಕಿವಿಗೊಡುತ್ತದೆ, ಆದರೆ ಕಳಿಸುವುದು ‘ಸೆಂಡಿಂಗ್’ ಎಂದು ಗುರುತಾದ ಮೊದಲನೆಯದಕ್ಕೆ ಮಾತ್ರ. ಸಂಖ್ಯೆಯ ಕ್ರಮದಲ್ಲಿ ಜೋಡಿಸಿದಾಗ ಮೊದಲನೆಯದು ಬದಲಾಗುತ್ತದೆ. ನಾಲ್ಕನೇ ರೂಮಿನ ಸ್ವಿಚ್ ಒತ್ತಿದರೆ ಇಡೀ ಬ್ಲಾಕಿನ ದೀಪ ಆರುತ್ತದೆ. ಫೈಲಿನಲ್ಲಿ ಹುಡುಕಿದರೆ ತಪ್ಪೇ ಸಿಗುವುದಿಲ್ಲ, ಯಾಕೆಂದರೆ ಜೋಡಣೆಗಳೆಲ್ಲ ಇದ್ದಲ್ಲೇ ಇವೆ! ಮರುಜೋಡಣೆಯ ಸಲಹೆಗೆ ಯಾವಾಗಲೂ ‘ಬೇಡ’ ಎನ್ನಿ.

‘ಕಪ್ಲರಿನ ಫಿಲ್ಟರ್ ಟೇಬಲ್ ಹಳೆಯದಾಗಿದೆ.’ ಈ ಸಲಹೆ ಬಂದರೆ ಖುಷಿಪಡಿ, ಸಾಮಾನ್ಯವಾಗಿ ನಿಜ. ಹೊಸ ಕಾಟೇಜಿನ ಲೈನ್ ಸೇರಿಸಿ, ಬಂಗಲೆಯಿಂದ ಅದರ ದೀಪ ಹಾಕಲು ಜೋಡಿಸಿ, ಎರಡು ಸಾಧನಕ್ಕೂ ಡೌನ್‌ಲೋಡ್ ಮಾಡಿ, ನಡುವಿನ ಲೈನ್ ಕಪ್ಲರನ್ನು ಮರೆಯುವುದು ಎಲ್ಲರೂ ಮಾಡುವ ತಪ್ಪು. ಕಪ್ಲರಿಗೂ ಡೌನ್‌ಲೋಡ್ ಕೊಡಿ. ಕೆಲವರು ತಾಳ್ಮೆಗೆಟ್ಟು ‘ಎಲ್ಲ ಟೆಲಿಗ್ರಾಂ ದಾಟಲಿ’ ಎಂದು ಫಿಲ್ಟರನ್ನೇ ತೆರೆದಿಡುತ್ತಾರೆ. ಬಸ್‌ನ ವೇಗ ಸೆಕೆಂಡಿಗೆ 9600 ಬಿಟ್ ಅಷ್ಟೇ. ಎಲ್ಲ ಲೈನಿನ ತಾಪಮಾನ, ವಿದ್ಯುತ್ ಮೀಟರ್ ಲೆಕ್ಕ ಎಲ್ಲವೂ ಎಲ್ಲ ಕಡೆ ಓಡಾಡತೊಡಗಿದರೆ ಸ್ವಿಚ್ ಒತ್ತಿದ ಮೇಲೆ ದೀಪ ಯೋಚನೆ ಮಾಡಿ ಹೊತ್ತಿಕೊಳ್ಳುತ್ತದೆ.

‘ಅಪ್ಲಿಕೇಶನ್ ಪ್ರೋಗ್ರಾಂ ಹೊಸ ಆವೃತ್ತಿಗೆ ಏರಿಸಿ.’ ಸಾಧನ ಕೆಲಸ ಮಾಡುತ್ತಿದ್ದರೆ ಏರಿಸಬೇಡಿ. ಸಿಡಿಲಿಗೆ ಹೋದದ್ದರ ಬದಲು ಹೊಸ ಆವೃತ್ತಿಯದು ಬಂದಿದ್ದರೆ ಅನಿವಾರ್ಯ. ಆಗ ಏರಿಸುವ ಮುಂಚೆ ಆ ಸಾಧನದ ಪ್ಯಾರಾಮೀಟರ್ ಪುಟಗಳ ಮತ್ತು ಜೋಡಣೆಗಳ ಸ್ಕ್ರೀನ್‌ಶಾಟ್ ತೆಗೆಯಿರಿ, ಏರಿಸಿದ ಮೇಲೆ ಒಂದೊಂದಾಗಿ ಹೋಲಿಸಿ. ಹಳೆಯದರ ಜೋಡಣೆಗಳೆಲ್ಲ ಹೊಸದಕ್ಕೆ ಬರುತ್ತವೆ ಎಂಬ ಭರವಸೆ ಇಲ್ಲ.

## ಹಂತ 5: ಎಐ ಸಹಾಯಕನನ್ನು ಕೇಳುವುದಾದರೆ

ಕೇಳಿ, ತಪ್ಪೇನಿಲ್ಲ. ನೂರಾರು ಸಾಲಿನಲ್ಲಿ ಹೆಸರಿನ ಏರುಪೇರು ಹುಡುಕುವುದರಲ್ಲಿ ಅದು ನನಗಿಂತ ಚುರುಕು. ಆದರೆ ಇಡೀ ಪ್ರಾಜೆಕ್ಟ್ ಫೈಲನ್ನು ಅಪ್‌ಲೋಡ್ ಮಾಡಬೇಡಿ. ಅದು ಜಿಪ್ ಮಾಡಿದ ಕಟ್ಟು, ಒಳಗೆ ಇಡೀ ಕಟ್ಟಡದ ನಕ್ಷೆ ಇದೆ. ಯಾವ ರೂಮಿನಲ್ಲಿ ಏನಿದೆ, ಅಲಾರಂ ಎಲ್ಲಿದೆ, ಗೇಟ್ ಯಾವುದು, ಎಲ್ಲವೂ. ಗ್ರೂಪ್ ಅಡ್ರೆಸ್‌ಗಳನ್ನಷ್ಟೇ ಸಿಎಸ್‌ವಿಗೆ ಎಕ್ಸ್‌ಪೋರ್ಟ್ ಮಾಡಿ, ಗೇಟು-ಅಲಾರಂ ಸಾಲು ತೆಗೆದು, ಮಾಲೀಕರ ಹೆಸರು ಅಳಿಸಿ ಕೊಡಿ.

ಉತ್ತರ ಬಂದ ಮೇಲೆ ಸಂಖ್ಯೆಗಳನ್ನು ಸೋಸಿ. ಮೂರು ಹಂತದ ಗ್ರೂಪ್ ಅಡ್ರೆಸ್‌ನಲ್ಲಿ ಮೊದಲ ಸಂಖ್ಯೆ 0ಯಿಂದ 31, ನಡುವಿನದು 0ಯಿಂದ 7, ಕೊನೆಯದು 0ಯಿಂದ 255. ‘2/9/14 ಬಳಸಿ’ ಎಂದು ಅದು ಹೇಳಿದರೆ ಊಹಿಸಿ ಹೇಳುತ್ತಿದೆ ಎಂದರ್ಥ. ಅಂಥ ಒಂದು ಕಂಡರೆ ಉಳಿದ ಸಾಲುಗಳನ್ನೂ ಅನುಮಾನದಿಂದಲೇ ಓದಿ. ಸೆನ್ಸರಿಗೆ 1.2.0 ಕೊಡಿ ಎಂದರೂ ಅಷ್ಟೇ: ಕೊನೆಯ ಸಂಖ್ಯೆ 0 ಇರುವುದು ಕಪ್ಲರಿಗೆ ಮೀಸಲು.

‘ದೂರದಿಂದಲೇ ಸರಿಮಾಡಲು ರೂಟರಿನಲ್ಲಿ 3671 ಪೋರ್ಟ್ ತೆರೆಯಿರಿ’ ಎಂಬ ಸಲಹೆ ಎಲ್ಲಿಂದ ಬಂದರೂ ಕೇಳಬೇಡಿ. ಹೀಗೆ ಇಂಟರ್‌ನೆಟ್‌ಗೆ ತೆರೆದಿಟ್ಟ ಕಟ್ಟಡಗಳಲ್ಲಿ ಹೊರಗಿನವರು ಸಾಧನಗಳನ್ನು ಖಾಲಿ ಮಾಡಿ, ತಮ್ಮದೇ ಕೀ ಹಾಕಿ ಬೀಗ ಜಡಿದ ಪ್ರಕರಣಗಳು 2021ರಲ್ಲಿ ಜರ್ಮನಿಯಿಂದ ವರದಿಯಾಗಿವೆ. ವಿಪಿಎನ್ ಹಾಕಿಸಿ.

## ಹಂತ 6: ಒಂದು ತಿದ್ದುಪಡಿ, ಒಂದು ಡೌನ್‌ಲೋಡ್, ಒಂದು ಪರೀಕ್ಷೆ

ಐದು ಸಲಹೆ ಒಟ್ಟಿಗೆ ಹಾಕಿ ಕೆಟ್ಟರೆ ಕೆಡಿಸಿದ್ದು ಯಾವುದು ಎಂದು ತಿಳಿಯದು. ಒಂದು ಹಾಕಿ, ಇಟಿಎಸ್‌ನ ಸಾಧನ ಪಟ್ಟಿಯಲ್ಲಿ ಯಾವ ಗುರುತು ಆರಿದೆ ನೋಡಿ. ಪ್ಯಾರಾಮೀಟರ್ ಗುರುತು ಹೋಗಿದೆಯೋ, ಗ್ರೂಪ್ ಗುರುತು ಹೋಗಿದೆಯೋ ಎಂಬುದರಿಂದ ಸಲಹೆ ಎಷ್ಟು ಸಾಧನಗಳನ್ನು ಮುಟ್ಟಿದೆ ಎಂದು ತಿಳಿಯುತ್ತದೆ. ಒಂದು ಲೈಟಿನ ದುರಸ್ತಿಗೆ ಹದಿನೇಳು ಸಾಧನಗಳ ಗುರುತು ಆರಿದರೆ ಅನ್‌ಡು ಮಾಡಿ, ಸಲಹೆಯನ್ನು ಮತ್ತೆ ಓದಿ.

ಡೌನ್‌ಲೋಡ್ ಭಾಗಶಃ ಸಾಕು. ನಾನು ಮೊದಲು ಆಕ್ಚುಯೇಟರ್, ಆಮೇಲೆ ಸ್ವಿಚ್, ಕೊನೆಗೆ ಕಪ್ಲರ್ ಎಂಬ ಕ್ರಮ ಹಿಡಿಯುತ್ತೇನೆ. ಆಕ್ಚುಯೇಟರಿಗೆ ಡೌನ್‌ಲೋಡ್ ಮಾಡುವಾಗ ರಿಲೇಗಳು ಒಮ್ಮೆ ಟಕ್ ಟಕ್ ಎನ್ನಬಹುದು. ಅದರ ಹಿಂದೆ ಪಂಪು, ಗೀಸರ್, ಗೇಟ್ ಇದ್ದರೆ ಅವುಗಳ ಎಂಸಿಬಿ ಮುಂಚೆಯೇ ಇಳಿಸಿ, ಡಿಬಿ ಬಾಗಿಲಿಗೆ ಚೀಟಿ ಅಂಟಿಸಿ. ಒಮ್ಮೆ ಇದನ್ನು ಮರೆತು ಖಾಲಿ ಟ್ಯಾಂಕಿನ ಪಂಪು ಅರ್ಧ ಗಂಟೆ ಒಣ ಓಡಿತು. ಪಂಪಿನ ದುಡ್ಡು ನನ್ನ ಕೈಯಿಂದಲೇ ಹೋಯಿತು.

ಇಟಿಎಸ್ ‘ಈ ಸಾಧನ ಪ್ರಾಜೆಕ್ಟಿನಲ್ಲಿರುವುದಕ್ಕೆ ಹೊಂದುವುದಿಲ್ಲ’ ಎಂದರೆ ಅಲ್ಲಿಗೇ ನಿಲ್ಲಿಸಿ. ಪ್ಯಾನೆಲ್ ತೆರೆದು ಮೇಲಿನ ಮಾದರಿ ಸಂಖ್ಯೆ ಓದಿ. ಯಾರೋ ಬದಲಿಸಿದ್ದಾರೆ.

## ಹಂತ 7: ಕರೆಂಟ್ ತೆಗೆದು ನೋಡುವುದು

ಸ್ವಿಚ್ ಒತ್ತಿ ದೀಪ ಬಂತು ಎಂದರೆ ಅರ್ಧ ಪರೀಕ್ಷೆ. ಗ್ರೂಪ್ ಮಾನಿಟರಿನಲ್ಲಿ ಸ್ವಿಚ್ಚಿನ ‘ರೈಟ್’, ಅದರ ಹಿಂದೆಯೇ ಆಕ್ಚುಯೇಟರಿನ ಸ್ಟೇಟಸ್ ಬರಬೇಕು. ನೀವೇ ಒಂದು ‘ರೀಡ್’ ಕಳಿಸಿದರೆ ಒಂದೇ ‘ರೆಸ್ಪಾನ್ಸ್’ ಬರಬೇಕು. ಎರಡು ಬಂದರೆ ರೀಡ್ ಫ್ಲಾಗ್ ಇನ್ನೂ ಎಲ್ಲೋ ಉಳಿದಿದೆ. ಬಸ್ ಮಾನಿಟರಿನಲ್ಲಿ ಒಂದೇ ಟೆಲಿಗ್ರಾಂ ನಾಲ್ಕು ಸಲ ಕಂಡರೆ, ಮೊದಲನೆಯದಕ್ಕೆ ಯಾರೂ ‘ಸಿಕ್ಕಿತು’ ಎನ್ನದೆ ಮೂರು ಸಲ ಮತ್ತೆ ಕಳಿಸಿದೆ ಎಂದರ್ಥ. ಕೇಳಬೇಕಾದ ಸಾಧನ ಸತ್ತಿದೆ ಅಥವಾ ಕಪ್ಲರ್ ದಾಟಿಸುತ್ತಿಲ್ಲ.

ಉಳಿದರ್ಧ: ಮೇನ್ ಇಳಿಸಿ, ಜನರೇಟರ್ ಹಚ್ಚಿ, ಮತ್ತೆ ಮೇನ್‌ಗೆ ಬನ್ನಿ. ನಮ್ಮ ಜಿಲ್ಲೆಯಲ್ಲಿ ಈ ಪರೀಕ್ಷೆ ಬಿಟ್ಟವರು ಕೆಲಸ ಮುಗಿಸಿಲ್ಲ.

ಸೋಮವಾರಪೇಟೆ ಕಡೆಯ ಒಂದು ಜಾಗದಲ್ಲಿ ಸಾಫ್ಟ್‌ವೇರ್ ಕೊಟ್ಟ ಸಲಹೆ ಕಾಗದದ ಮೇಲೆ ಅಂದವಾಗಿತ್ತು: ‘ರಿಲೇ ಚಾನೆಲ್‌ಗಳ ಸೆಟ್ಟಿಂಗ್ ಒಂದೇ ರೀತಿ ಇಲ್ಲ. ಬಸ್ ವೋಲ್ಟೇಜ್ ಮರಳಿದಾಗ ಎಲ್ಲವೂ ಹಿಂದಿನ ಸ್ಥಿತಿಗೆ ಬರುವಂತೆ ಮಾಡಿ.’ ಮಾಡಿದರು. ಬೆಳಿಗ್ಗೆ ಏಳಕ್ಕೆ ಒಂಬತ್ತು ರೂಮಿನ ಗೀಸರ್ ಉರಿಯುತ್ತಿದ್ದಾಗ ಕರೆಂಟ್ ಹೋಯಿತು. ಜನರೇಟರ್ ಹತ್ತಿತು. ಒಂಬತ್ತೂ ಗೀಸರ್ ಒಂದೇ ಕ್ಷಣಕ್ಕೆ ‘ಹಿಂದಿನ ಸ್ಥಿತಿಗೆ’ ಬಂದವು. ತಲಾ 2 ಕಿಲೋವ್ಯಾಟ್, ಒಟ್ಟು 18. ಜನರೇಟರ್ 15 ಕೆವಿಎ, ಎಂದರೆ ಕೈಗೆ ಸಿಗುವುದು 12 ಕಿಲೋವ್ಯಾಟ್ ಆಸುಪಾಸು. ಟ್ರಿಪ್. ಮತ್ತೆ ಹಚ್ಚಿದರು, ಮತ್ತೆ ಟ್ರಿಪ್. ಮೊದಲು ಆ ಚಾನೆಲ್‌ಗಳ ಸೆಟ್ಟಿಂಗ್ ಬೇರೆ ಬೇರೆ ಇದ್ದದ್ದು ಹಳೆಯ ಎಲೆಕ್ಟ್ರಿಷಿಯನ್‌ನ ಅಜಾಗರೂಕತೆಯಿಂದ ಆಗಿರಲಿಲ್ಲ. ಗೀಸರ್ ಚಾನೆಲ್‌ಗಳನ್ನು ಆತ ಬೇಕೆಂದೇ ‘ಬಸ್ ಮರಳಿದಾಗ ಆಫ್’ ಎಂದು ಇಟ್ಟಿದ್ದ. ಯಾಕೆ ಎಂದು ಎಲ್ಲೂ ಬರೆದಿಡಲಿಲ್ಲ, ಅದೊಂದೇ ಅವನ ತಪ್ಪು.

ಗೀಸರ್, ಪಂಪು, ಹೀಟರ್ ಆಫ್ ಆಗಿಯೇ ಮರಳಲಿ. ದಾರಿದೀಪ ಮತ್ತು ಮೆಟ್ಟಿಲ ದೀಪ ಆನ್ ಆಗಿ ಮರಳಲಿ. ರೂಮಿನ ದೀಪ ಹಿಂದಿನ ಸ್ಥಿತಿಗೆ. ನಾನು ಎಲ್ಲ ಕಡೆ ಇಡುವುದು ಹೀಗೆ.

## ಈ ಲಕ್ಷಣ ಕಂಡರೆ ಕೆಲಸ ನಿಲ್ಲಿಸಿ

ಡೌನ್‌ಲೋಡ್ ಒಂದೇ ಸಾಧನದಲ್ಲಿ ಎರಡು ಸಲ ಅರ್ಧಕ್ಕೆ ನಿಂತರೆ ಹಂತ 2ಕ್ಕೆ ಹಿಂದಿರುಗಿ, ಅದು ತಂತಿಯ ಕಥೆ. ಯಾರೂ ಏನೂ ಒತ್ತದಿದ್ದರೂ ಗ್ರೂಪ್ ಮಾನಿಟರ್ ನಿಲ್ಲದೆ ಓಡುತ್ತಿದ್ದರೆ ಎರಡು ಆಬ್ಜೆಕ್ಟ್‌ಗಳು ಒಂದನ್ನೊಂದು ಎಬ್ಬಿಸುತ್ತಿವೆ, ಕೊನೆಯ ತಿದ್ದುಪಡಿ ವಾಪಸ್ ತೆಗೆಯಿರಿ. ಸರಿಪಡಿಸಿದಷ್ಟೂ ಚೆಕ್ ಪಟ್ಟಿ ಉದ್ದವಾಗುತ್ತಿದ್ದರೆ ಬೇರೆ ಡ್ರೈವಿನಲ್ಲಿಟ್ಟ ಮೂಲ ಫೈಲಿಗೆ ಮರಳಿ. ಮತ್ತೆ, ಕತ್ತಲಾದ ಮೇಲೆ ಗೇಟಿನ ಸಾಲಿಗೆ ಕೈ ಹಾಕುವ ಯೋಚನೆ ಬಂದರೆ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋಗಿ.

## ಹಂತ 8: ಬರೆದಿಡುವುದು

ಒಪ್ಪಿಕೊಂಡ ಪ್ರತಿ ಸಲಹೆಗೂ ಆ ಸಾಧನದ ವಿವರಣೆಯ ಜಾಗದಲ್ಲಿ ದಿನಾಂಕ, ಏನು, ಯಾಕೆ ಎಂದು ಒಂದು ಸಾಲು ಬರೆಯಿರಿ. ಬೇಡವೆಂದ ಸಲಹೆಗಳಿಗೂ ಬರೆಯಿರಿ, ಅದು ಇನ್ನೂ ಮುಖ್ಯ: ‘ಗೀಸರ್ ಬೇಕೆಂದೇ ಆಫ್, ಜನರೇಟರ್ 15 ಕೆವಿಎ, ಬದಲಿಸಬೇಡಿ.’ ಕನ್ನಡದಲ್ಲೇ ಬರೆಯಿರಿ, ಇಟಿಎಸ್ ತಕರಾರು ಮಾಡುವುದಿಲ್ಲ.

ಹೊಸ ಫೈಲನ್ನು ಎರಡು ಪೆನ್‌ಡ್ರೈವಿಗೆ ಹಾಕಿ. ಒಂದು ಮಾಲೀಕರ ಕೈಗೆ, ಪಾಸ್‌ವರ್ಡ್ ಮತ್ತು ಕೀ ಚೀಟಿಗಳು ಬೇರೆ ಲಕೋಟೆಯಲ್ಲಿ. ಇನ್ನೊಂದು ನಿಮ್ಮ ಬಳಿ. ಗ್ರೂಪ್ ಅಡ್ರೆಸ್ ಪಟ್ಟಿಯ ಪ್ರಿಂಟ್ ಒಂದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಪ್ಯಾನೆಲ್ ಬಾಗಿಲ ಒಳಬದಿಗೆ ಅಂಟಿಸಿ. ಬರೀ ಕಾಗದ ಅಂಟಿಸಿದರೆ ಒಂದೇ ಮಳೆಗಾಲಕ್ಕೆ ಬೂಸ್ಟು ಹಿಡಿದು ಅಕ್ಷರ ಕಾಣದಂತಾಗುತ್ತದೆ.